ಪೆಟ್ಟಿಗೆ ಏಕೆ ತಣಿಯಲೊಲ್ಲದು?

ಸುಲ್ತಾನ್ ಬಜಾರಿನಿಂದ ಕೋಠಿಯ ಗುಜರಾತಿ ಗಲ್ಲಿಯನ್ನು ಹೊಕ್ಕರೆ ಎಲೆಕ್ಟ್ರಾನಿಕ್ ಸಾಮಾನುಗಳ ಅಂಗಡಿಗಳು ಒತ್ತೊತ್ತಾಗಿ ಕಾಣುವುವು. ಇಂತಹ ಉಪಕರಣವೊಂದು ನಮ್ಮ ಊರಿನ ಮೇ ತಿಂಗಳ ಬಿಸಿಲನ್ನೂ ಲಡಾಖಿನ ಚಳಿಯನ್ನೂ ತಾಳಬೇಕಾದರೆ, ಅದರ ಮಾದರಿಯು ಮೊದಲೇ ಆ ಎರಡನ್ನೂ ಅನುಭವಿಸಿರಬೇಕು. ಇದಕ್ಕೋಸ್ಕರ ಇರುವುದೇ ಪರಿಸರ ಪರೀಕ್ಷೆಯ ಪೆಟ್ಟಿಗೆ. ಹೈದರಾಬಾದಿನಲ್ಲಿಯೂ ಬೆಂಗಳೂರಿನಲ್ಲಿಯೂ ಕೇಂದ್ರ ಸರಕಾರದ ಇಂತಹ ಪರೀಕ್ಷಾ ಕೇಂದ್ರಗಳಿವೆ; ಕಾರ್ಖಾನೆಗಳಲ್ಲಿಯೂ ಪೆಟ್ಟಿಗೆಗಳುಂಟು.

ಒಂದು ಬೇಸಗೆಯಲ್ಲಿ ನಾವು ಪರಿಚಿತರ ಕಾರ್ಖಾನೆಗೆ ಹೋಗಿದ್ದಾಗ ಅಲ್ಲಿಯ ಪೆಟ್ಟಿಗೆಯು ಮುಷ್ಕರ ಹೂಡಿತ್ತು. 25 ಡಿಗ್ರಿಯಿಂದ ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೆ, ನಿಮಿಷಕ್ಕೆ ಒಂದು ಡಿಗ್ರಿಯಂತೆ, 65 ನಿಮಿಷಗಳಲ್ಲಿ ಇಳಿಯಬೇಕಾದುದು ಎರಡು ಗಂಟೆಗಳಾದರೂ ಅರ್ಧ ದಾರಿಯಲ್ಲಿಯೇ ನಿಂತಿತ್ತು. “ಗ್ಯಾಸು ಮುಗಿದಿದೆ, ತುಂಬಿಸಿರಿ” ಎಂದರೊಬ್ಬರು. ನಾವೂ ಹೌದೆಂದು ತಲೆಯಾಡಿಸಿದೆವು. ಅಲ್ಲಿಯ ಹಿರಿಯ ಮೇಸ್ತ್ರಿಯವರು ಮಾತ್ರ ನಕ್ಕರು. ಗ್ಯಾಸು ದೀಪದ ಎಣ್ಣೆಯಂತೆ ಉರಿದು ತೀರುವುದಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುವುದು. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆಯೆಂದೇ ಅರ್ಥ. ಸೋರುವ ಎಡೆಯನ್ನು ಹುಡುಕದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಅವರು ಮೊದಲು ಒಳಗಿನ ಮಾದರಿಗಳನ್ನೆಲ್ಲ ಹೊರಕ್ಕೆ ತೆಗೆಸಿ, ಬರಿಯ ಪೆಟ್ಟಿಗೆಯನ್ನು ನಡೆಸಿದರು. ಚಾಲೂ ಇರುವ ಉಪಕರಣವು ತಾನೇ ಶಾಖವನ್ನು ಕೊಡುವುದರಿಂದ ತಪ್ಪು ಪೆಟ್ಟಿಗೆಯದೋ ಹೊರೆಯದೋ ಎಂದು ಹೀಗೆ ತಿಳಿಯುತ್ತದೆ. ಬರಿದಾದರೂ ಪೆಟ್ಟಿಗೆ ನಿಧಾನವಾಗಿಯೇ ಇಳಿಯಿತು. ಬಳಿಕ ಬಾಗಿಲಿನ ರಬ್ಬರಿಗೆ ಕಾಗದದ ಚೂರೊಂದನ್ನು ಸಿಕ್ಕಿಸಿ ಎಳೆದು ನೋಡಿದರು, ಬಿಗಿಯಾಗಿತ್ತು. ಸಡಿಲವಿದ್ದರೆ ತೇವದ ಗಾಳಿ ಒಳನುಗ್ಗಿ, ತಣ್ಣನೆಯ ಕೊಳವೆಗಳ ಮೇಲೆ ಹಿಮವಾಗಿ ಕಂಬಳಿಯಂತೆ ಹೊದೆದುಕೊಳ್ಳುತ್ತದೆ. ಒಳಗಿನ ಹೀಟರು ಆರದೆ ಉಳಿದು, ಬಿಸಿಯೂ ತಂಪೂ ಜಗಳವಾಡುತ್ತಿವೆಯೋ ಎಂಬುದನ್ನೂ ಪರೀಕ್ಷಿಸಿದರು. ಅದೂ ಅಲ್ಲ.

ಕಡೆಗೆ ಹಿಂಬದಿಯ ತಗಡನ್ನು ಬಿಚ್ಚಿದಾಗ ಕಂಡೆನ್ಸರಿನ ಮೇಲೆ ಧೂಳು ಹತ್ತಿಯ ಹಾಸಿಗೆಯಂತೆ ಕುಳಿತಿತ್ತು! ಪೆಟ್ಟಿಗೆಯು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೀರಿ ಹೊರಕ್ಕೆ ಸಾಗಿಸುತ್ತದೆ, ಅಷ್ಟೆ. ಒಳಗೆ ಆವಿಯಾಗುತ್ತ ಶಾಖವನ್ನು ಹೀರಿದ ಗ್ಯಾಸನ್ನು ಕಂಪ್ರೆಸರು ಒತ್ತಿ ಕಂಡೆನ್ಸರಿಗೆ ದೂಡುತ್ತದೆ. ಅಲ್ಲಿ ಅದು ಆ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ಮರಳಿ ದ್ರವವಾಗಬೇಕು. ಹೊರಗಿನ ಗಾಳಿಯೇ 40 ಡಿಗ್ರಿಯಿರುವಾಗ ಆ ಕೆಲಸ ಮೊದಲೇ ಕಷ್ಟ. ಧೂಳೂ ಸೇರಿದರೆ ಶಾಖಕ್ಕೆ ದಾರಿಯೆಲ್ಲಿ? ಕುಂಚದಿಂದ ಉಜ್ಜಿ, ಗಾಳಿ ಊದಿ, ಗೋಡೆಗೆ ಒರಗಿದ್ದ ಪೆಟ್ಟಿಗೆಯನ್ನು ಎರಡು ಅಡಿ ಮುಂದಕ್ಕೆ ಎಳೆದರು. ಈ ಸಲ 65 ನಿಮಿಷಗಳೊಳಗೆ ಇಳಿಯಿತು.

ತಡವಾದರೇನು, ಚಳಿ ಮುಟ್ಟಿದರಾಯಿತಲ್ಲವೆ ಎಂದು ನಾವು ಕೇಳಿದೆವು. ತಾಮ್ರ, ಪ್ಲಾಸ್ಟಿಕ್, ಬೆಸುಗೆ ಇವು ತಣಿಯುವಾಗ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಬೇಗ ತಣಿಸಿದಾಗ ಅವುಗಳ ಎಳೆದಾಟ ಹೆಚ್ಚುತ್ತದೆ. ನಿಧಾನವಾಗಿ ತಣಿಸಿದರೆ ದುರ್ಬಲ ಬೆಸುಗೆಯೂ ತಪ್ಪಿಸಿಕೊಂಡೀತು. ಆದುದರಿಂದ ಹಿಂದಿನ ಎರಡು ದಿನಗಳಲ್ಲಿ ತೇರ್ಗಡೆಯಾಗಿದ್ದ ಮಾದರಿಗಳ ಪತ್ರಗಳನ್ನು ಯಜಮಾನರು ರದ್ದುಪಡಿಸಿ, ಅವನ್ನೆಲ್ಲ ಮತ್ತೆ ಪೆಟ್ಟಿಗೆಯೊಳಗೆ ಇಡಿಸಿದರು. ಅವುಗಳಲ್ಲಿ ಒಂದರ ಬೆಸುಗೆ ಬಿರುಕುಬಿಟ್ಟಿತು.