ಕಡಲ ಹಡಗಿಗೂ ಕಾಡಿನ ಊರಿಗೂ ಒಂದೇ ಉಪಗ್ರಹ: ಸಂಪರ್ಕದ ಲೆಕ್ಕಾಚಾರ

ವರ್ತಕನಿಗೆ ಸರಕು ಎಷ್ಟು ಮುಖ್ಯವೋ ಸುದ್ದಿಯೂ ಅಷ್ಟೇ ಮುಖ್ಯ. ಹಿಂದೆ ಪೇಟೆಯ ಧಾರಣೆ ತಿಳಿಯಲು ಅಂಚೆ, ತಂತಿಗಳಿಗಾಗಿ ಕಾಯಬೇಕಾಗಿತ್ತು. ಇಂದು ಸುದ್ದಿ ಮಾತ್ರವಲ್ಲ, ವ್ಯಾಪಾರದ ದಾಖಲೆಗಳೇ ವಿದ್ಯುನ್ಮಾನ ರೂಪ ತಾಳಿವೆ. ಇ-ವೇ ಬಿಲ್, ತೆರಿಗೆ ವಿವರಣೆ, ಬ್ಯಾಂಕಿನ ಪಾವತಿ, ಯುಪಿಐ ಇವೆಲ್ಲಕ್ಕೂ ಸಂಪರ್ಕಜಾಲವೇ ಆಧಾರ. ಆದಕಾರಣ ಮೊಬೈಲ್ ಸಂಕೇತ ದೊರೆಯದ ಸ್ಥಳದಲ್ಲಿ ಮಾತಿನೊಡನೆ ವ್ಯವಹಾರವೂ ನಿಲ್ಲುತ್ತದೆ.

ಅಂತಹ ಎರಡು ಸ್ಥಳಗಳನ್ನು ಪರಿಶೀಲಿಸಬಹುದು. ಒಂದು, ದಡದಿಂದ ದೂರ ಸಾಗಿದ ವಿಹಾರ ನೌಕೆ. ಇನ್ನೊಂದು, ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟದತ್ತ ಸಾಗುವ ಕಾಡಿನ ದಾರಿ ಮತ್ತು ಅದರ ಆಸುಪಾಸಿನ ಊರುಗಳು. ಕಡಲಿನ ನಡುವೆ ಗೋಪುರ ನಿಲ್ಲಿಸುವುದು ಅಸಾಧ್ಯ. ದಟ್ಟ ಕಾಡಿನಲ್ಲಿ ಅದು ಬಹಳ ಕಷ್ಟ. ಎರಡಕ್ಕೂ ಇರುವ ಪರಿಹಾರ ಉಪಗ್ರಹ. ಹಾಗಿದ್ದರೂ ಹಡಗಿನ ಪ್ರಯಾಣಿಕನಿಗೆ ದೊರೆತ ಸೌಲಭ್ಯ ಬೆಟ್ಟದ ನಿವಾಸಿಗೆ ಅಷ್ಟೇ ಸುಲಭವಾಗಿ ದೊರೆತಿಲ್ಲ. ಇದಕ್ಕೆ ಕಾರಣ ತಂತ್ರಜ್ಞಾನದ ಕೊರತೆಯಲ್ಲ, ಖರ್ಚನ್ನು ಹಂಚುವ ಲೆಕ್ಕ ಎಂಬುದು ಗಮನಾರ್ಹ.

ಹಡಗಿನಲ್ಲಿ ನಡೆದದ್ದು

ನೌಕೆಗಳಿಗಾಗಿಯೇ ಮೊದಲ ವಾಣಿಜ್ಯ ಉಪಗ್ರಹ ವ್ಯವಸ್ಥೆಯಾದ ಮ್ಯಾರಿಸ್ಯಾಟ್ 1976ರಲ್ಲಿ ಆರಂಭವಾಯಿತು. 1979ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದಂತೆ ಇನ್‌ಮಾರ್‌ಸ್ಯಾಟ್ ಸ್ಥಾಪನೆಗೊಂಡಿತು. ಅಂದಿನ ಮುಖ್ಯ ಉದ್ದೇಶ ಮನರಂಜನೆಯಾಗಿರಲಿಲ್ಲ; ಅಪಾಯಕ್ಕೆ ಸಿಲುಕಿದ ನೌಕೆಯ ಕರೆ ದಡವನ್ನು ಮುಟ್ಟಬೇಕೆಂಬುದಾಗಿತ್ತು.

ಈ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿ ಭೂಮಿಯೊಂದಿಗೇ ಸುತ್ತುತ್ತವೆ. ಮಾತು ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡು ಬೇಕು. ಮರುಮಾತು ಬರಲು ಮತ್ತೆ ಅಷ್ಟೇ ಕಾಲ. ಅಲೆಯ ಮೇಲೆ ಹೊಯ್ದಾಡುವ ಹಡಗಿನಿಂದ ಉಪಗ್ರಹದತ್ತಲೇ ಗುರಿಯಿಟ್ಟು ನಿಲ್ಲುವ ಆಂಟೆನಾ ದುಬಾರಿ ಯಂತ್ರ. ಹೀಗಾಗಿ ಬಹುಕಾಲ ಸೇವೆ ನಿಧಾನವಾಗಿಯೂ ದರ ದುಬಾರಿಯಾಗಿಯೂ ಇದ್ದವು.

ನಂತರ ಕೆಳಕಕ್ಷೆಯ ಉಪಗ್ರಹಗಳು ಬಂದವು. ಸುಮಾರು 550 ಕಿ.ಮೀ. ಎತ್ತರದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳ ಸೇವೆಯನ್ನು ರಾಯಲ್ ಕೆರಿಬಿಯನ್ ಸಂಸ್ಥೆಯು 2022ರಲ್ಲಿ ತನ್ನ ನೌಕೆಗಳಿಗೆ ಅಳವಡಿಸಿಕೊಳ್ಳುವುದಾಗಿ ಪ್ರಕಟಿಸಿತು. ಆ ಸಂಸ್ಥೆಯ ಓಯಸಿಸ್ ದರ್ಜೆಯ ಒಂದು ಹಡಗು 5,000ಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರುತ್ತದೆ. ಆಂಟೆನಾ ಮತ್ತು ಮಾಸಿಕ ಶುಲ್ಕ ಎಷ್ಟೇ ದೊಡ್ಡದಿರಲಿ, ಅಷ್ಟು ತಲೆಗಳ ಮೇಲೆ ಹಂಚಿದಾಗ ತಲಾ ಹೊರೆ ಇಳಿಯುತ್ತದೆ. ಸ್ಥಿರ ವೆಚ್ಚವನ್ನು ಹಂಚಿಕೊಳ್ಳುವವರು ಹೆಚ್ಚಿದಷ್ಟೂ ದರ ಕುಗ್ಗುತ್ತದೆ ಎಂಬುದು ಗಿರಣಿಗೂ ಮಗ್ಗಕ್ಕೂ ಅನ್ವಯಿಸುವ ಹಳೆಯ ಸೂತ್ರವೇ ಆಗಿದೆ.

ಪ್ರವಾಸ ಹೊರಡುವ ವರ್ತಕರಿಗೆ

2021ರಲ್ಲಿ ಮುಂಬಯಿಯಿಂದ ಕಾರ್ಡೇಲಿಯಾ ನೌಕೆಯ ಯಾನ ಆರಂಭವಾದ ಬಳಿಕ ವಿಹಾರ ನೌಕೆಯ ಪ್ರವಾಸವು ಮಧ್ಯಮ ವರ್ಗಕ್ಕೂ ಎಟುಕಿದೆ. ನವಮಂಗಳೂರು ಬಂದರಿಗೂ ವಿದೇಶಿ ವಿಹಾರ ನೌಕೆಗಳು ಬರುತ್ತವೆ. ಪ್ರವಾಸ ಹೊರಡುವವರು ಎರಡು ಸಂಗತಿಗಳನ್ನು ತಿಳಿದಿರಬೇಕು.

ಮೊದಲನೆಯದು, ಹಡಗಿನ ವೈ-ಫೈ ಬೇರೆ, ಹಡಗಿನ ಮೊಬೈಲ್ ಜಾಲ ಬೇರೆ. ದಡದ ಸಂಕೇತ ತಪ್ಪಿದ ಮೇಲೆ ದೂರವಾಣಿಯು ಹಡಗಿನ ಜಾಲವನ್ನು ತಾನಾಗಿಯೇ ಹಿಡಿಯಬಹುದು. ಇದು ಉಪಗ್ರಹದ ಮೂಲಕ ನಡೆಯುವ ರೋಮಿಂಗ್. ಸಾಮಾನ್ಯ ವಿದೇಶಿ ರೋಮಿಂಗ್ ಯೋಜನೆಗಳಲ್ಲಿ ಹಡಗಿನ ಜಾಲ ಸೇರಿಲ್ಲದಿರುವುದೇ ಹೆಚ್ಚು. ಹತ್ತುವ ಮುನ್ನ ಡೇಟಾ ರೋಮಿಂಗ್ ಸ್ಥಗಿತಗೊಳಿಸಿ, ವಿಮಾನ ಸ್ಥಿತಿಗೆ ತಂದು, ಬೇಕಿದ್ದರೆ ವೈ-ಫೈ ಮಾತ್ರ ಕೊಳ್ಳುವುದು ಜಾಣತನ.

ಎರಡನೆಯದು, ವೈ-ಫೈ ಇದ್ದರೂ ಸಿಮ್‌ಗೆ ಬರುವ ಎಸ್‌ಎಂಎಸ್ ಬರುವುದೆಂಬ ಭರವಸೆಯಿಲ್ಲ. ಬ್ಯಾಂಕಿನ ಒಟಿಪಿ ಎಸ್‌ಎಂಎಸ್ ಮೂಲಕವೇ ಬರುವಂತಿದ್ದರೆ ತೆರಿಗೆ ಪಾವತಿ ಅಲ್ಲಿಯೇ ನಿಲ್ಲುತ್ತದೆ. ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ ಮುಂದಿನ ತಿಂಗಳ 20ನೇ ತಾರೀಖು ಗಡುವು. ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ನಗದಾಗಿ ಕಟ್ಟಬೇಕಾದ ತೆರಿಗೆಯ ಮೇಲೆ ವಾರ್ಷಿಕ ಶೇ. 18 ಬಡ್ಡಿ. ಸಮುದ್ರದಲ್ಲಿದ್ದೆ ಎಂಬುದು ಕಾನೂನಿನ ಮುಂದೆ ನೆಪವಾಗದು. ಪ್ರಯಾಣದ ದಿನಗಳನ್ನು ಗಡುವಿನೊಡನೆ ತಾಳೆ ನೋಡಿ, ತೆರಿಗೆಯನ್ನು ಮುಂಚಿತವಾಗಿ ಕಟ್ಟಿ ಹೊರಡುವುದು ಲೇಸು.

ಬೆಟ್ಟದ ದಾರಿಯ ಇ-ವೇ ಬಿಲ್

ಈಗ ನಮ್ಮ ಸೀಮೆಗೆ ಬರೋಣ. 1997ರಲ್ಲಿ ರಚನೆಯಾದ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಬಯಲು ಭಾಗದಲ್ಲಿ ಮೊಬೈಲ್ ಸೇವೆ ಸಾಮಾನ್ಯ. ಆದರೆ ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳ ಹಾಗೂ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಗೋಪುರ ನಿಲ್ಲಿಸಲು ಅರಣ್ಯ ಕಾನೂನಿನ ಅನುಮತಿ ಬೇಕು. ರಸ್ತೆ ಬೇಕು, ವಿದ್ಯುತ್ ಬೇಕು. ಇಷ್ಟೆಲ್ಲ ಒದಗಿದರೂ ಕೆಲವೇ ಮನೆಗಳ ಪೋಡಿನಿಂದ ಬರುವ ಆದಾಯದಲ್ಲಿ ಕಂಪನಿಗೆ ಗೋಪುರದ ಡೀಸೆಲ್ ವೆಚ್ಚವೂ ಹುಟ್ಟದು.

ಇದರ ಪರಿಣಾಮ ಊರಿನವರಿಗೆ ಮಾತ್ರ ಸೀಮಿತವಲ್ಲ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟ, ಪಾಲಾರ್ ಮಾರ್ಗವಾಗಿ ಮೆಟ್ಟೂರಿನತ್ತ ಹೋಗುವ ಸರಕು ಅಂತರರಾಜ್ಯ ಸರಕು. 50,000 ರೂಪಾಯಿ ಮೀರಿದ ಸರಕಿಗೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಕಡ್ಡಾಯ. ಘಟ್ಟದ ತಿರುವಿನಲ್ಲಿ ಲಾರಿ ಕೆಟ್ಟು, ಸರಕನ್ನು ಬೇರೆ ವಾಹನಕ್ಕೆ ವರ್ಗಾಯಿಸಿದರೆ, ಅದು ಹೊರಡುವ ಮೊದಲೇ ಬಿಲ್ಲಿನ 'ಬಿ' ಭಾಗದಲ್ಲಿ ಹೊಸ ವಾಹನದ ಸಂಖ್ಯೆ ನಮೂದಾಗಬೇಕು. ಕೊಳ್ಳೇಗಾಲದ ಅಂಗಡಿಯಲ್ಲಿ ಕುಳಿತ ಗುಮಾಸ್ತರು ಅದನ್ನು ಮಾಡಬಲ್ಲರು. ಆದರೆ ಚಾಲಕನ ಒಂದು ಕರೆಯಾದರೂ ಅವರನ್ನು ತಲುಪಬೇಕಲ್ಲವೇ? ನಮೂದಿಲ್ಲದೆ ಸಾಗಿ ತಪಾಸಣೆಗೆ ಸಿಕ್ಕಿದರೆ, 2022ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ, ತೆರಿಗೆ ವಿಧಿಸಬಹುದಾದ ಸರಕಿಗೆ ಮಾಲೀಕನೇ ಮುಂದೆ ಬಂದರೂ ತೆರಿಗೆಯ ಎರಡು ಪಟ್ಟು ದಂಡ. ಒಂದು ಕರೆಯ ಬೆಲೆ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು.

ಉಪಗ್ರಹ ಇಲ್ಲಿಗೆ ಹೊಸದಲ್ಲ

ವ್ಯಾಪಾರ ಜಗತ್ತಿಗೂ ಈ ಜಿಲ್ಲೆಗೂ ಉಪಗ್ರಹ ಹಳೆಯ ಪರಿಚಯ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು 1994ರಲ್ಲಿ ಆರಂಭವಾದಾಗ ದೂರದ ಊರುಗಳ ದಲ್ಲಾಳಿಗಳನ್ನು ವಿ-ಸ್ಯಾಟ್ ತಟ್ಟೆಗಳ ಮೂಲಕವೇ ಬೆಸೆಯಿತು. ಇಸ್ರೋ ಸಂಸ್ಥೆಯು 2004ರ ಸೆಪ್ಟೆಂಬರ್ 20ರಂದು ಹಾರಿಸಿದ ಶಿಕ್ಷಣ ಉಪಗ್ರಹ ಎಜುಸ್ಯಾಟ್‌ನ ಪಾಠಗಳು ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ತಲುಪಿದ್ದವು. ಆ ಉಪಗ್ರಹದ ಆಯುಷ್ಯ 2010ರಲ್ಲಿ ಮುಗಿಯಿತು. ಹಾಗಿದ್ದರೂ ಕಾಡಂಚಿನ ಶಾಲೆಗೆ ಆಕಾಶದಿಂದ ಸಂಕೇತ ತರಿಸಬಹುದೆಂಬುದು ಅಂದೇ ಸಿದ್ಧವಾಗಿತ್ತು.

ಭೌಗೋಳಿಕವಾಗಿಯೂ ಅನುಕೂಲವುಂಟು. ಭೂಮಧ್ಯರೇಖೆಗೆ ಸಮೀಪವಿರುವ ಕಾರಣ ನಮ್ಮ ದೇಶದ ಸಂಪರ್ಕ ಉಪಗ್ರಹಗಳು ಇಲ್ಲಿಗೆ ಬಹುತೇಕ ನೆತ್ತಿಯ ಮೇಲಿರುತ್ತವೆ; ಬೆಟ್ಟದ ಸಾಲು ಅಷ್ಟಾಗಿ ಅಡ್ಡಬರುವುದಿಲ್ಲ. ಅಡ್ಡಬರುವುದು ಮರದ ಕೊಂಬೆ ಮತ್ತು ಜಡಿಮಳೆ.

ಹಂಚಿಕೆಯ ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆ ನೋಡಬಹುದು. ಉಪಕರಣದ ಬೆಲೆ 36,000 ರೂಪಾಯಿ, ಬಾಳಿಕೆ ಮೂರು ವರ್ಷ ಎಂದಾದರೆ ತಿಂಗಳಿಗೆ ಸವಕಳಿ 1,000 ರೂಪಾಯಿ. ಮಾಸಿಕ ಶುಲ್ಕ 5,000, ವಿದ್ಯುತ್ ಮತ್ತು ನಿರ್ವಹಣೆ 500. ಒಟ್ಟು 6,500 ರೂಪಾಯಿ. ಒಬ್ಬ ಅಂಗಡಿಕಾರನಿಗೆ ಇದು ಹೊರಲಾರದ ಭಾರ. 26 ಕುಟುಂಬ ಮತ್ತು ಅಂಗಡಿಗಳು ಕೂಡಿದರೆ ತಲಾ 250 ರೂಪಾಯಿ. ಹಡಗಿನ ಗುಟ್ಟೂ ಇಷ್ಟೇ.

ಹೀಗೆ ಹಂಚಿಕೊಳ್ಳಲು ಕಾನೂನಿನ ದಾರಿಯೂ ಇದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಂತೆ ಕಿರಾಣಿ ಅಂಗಡಿಯೂ ಪರವಾನಗಿ ಶುಲ್ಕವಿಲ್ಲದೆ ಸಾರ್ವಜನಿಕ ವೈ-ಫೈ ಕೇಂದ್ರವಾಗಬಹುದು. ಕಾಡುತ್ಪನ್ನ ಮಾರುವ ಲ್ಯಾಂಪ್ಸ್ ಸಹಕಾರ ಸಂಘ, ಹಾಲು ಉತ್ಪಾದಕರ ಸಂಘಗಳೂ ಮುಂದೆ ಬರಬಹುದು. ಗೋಪುರಗಳಿಗಾಗಿ 2022ರ ಜುಲೈನಲ್ಲಿ ಕೇಂದ್ರವು 26,316 ಕೋಟಿ ರೂಪಾಯಿಯ 4ಜಿ ಯೋಜನೆಗೆ ಒಪ್ಪಿಗೆ ನೀಡಿದ್ದು, ಸಂಪರ್ಕವಿಲ್ಲದ 24,680 ಹಳ್ಳಿಗಳು ಅದರ ಗುರಿಯಾಗಿದ್ದವು. ಖಾಸಗಿ ಉಪಗ್ರಹ ಸೇವೆಗಾಗಿ ಒನ್‌ವೆಬ್ ಮತ್ತು ಜಿಯೋ ಬಳಿಕ 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೂ ಪರವಾನಗಿ ದೊರೆಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಟ್ರಾಯ್ ಸಂಸ್ಥೆಯು ತರಂಗಾಂತರಕ್ಕೆ ಆದಾಯದ ಶೇ. 4ರಷ್ಟು ಶುಲ್ಕವನ್ನೂ ನಗರದ ಪ್ರತಿ ಗ್ರಾಹಕನಿಗೆ ವರ್ಷಕ್ಕೆ 500 ರೂಪಾಯಿ ಹೆಚ್ಚುವರಿಯನ್ನೂ ಶಿಫಾರಸು ಮಾಡಿತು. ಈ ಹೆಚ್ಚುವರಿಯಿಂದ ಹಳ್ಳಿಯನ್ನು ಹೊರಗಿಟ್ಟದ್ದು ಸ್ವಾಗತಾರ್ಹ.

ಕಾನೂನಿನ ಎಚ್ಚರಿಕೆ

ವಿದೇಶದಿಂದ ಉಪಗ್ರಹ ದೂರವಾಣಿಯನ್ನು ಕೊಂಡು ತಂದು ಬೆಟ್ಟದಲ್ಲಿ ಬಳಸುವ ಯೋಚನೆ ಮಾತ್ರ ಬೇಡ. ತುರಾಯಾ, ಇರಿಡಿಯಂ ದೂರವಾಣಿಗಳನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧವಾಗಿದ್ದು, ವಿಮಾನ ನಿಲ್ದಾಣಗಳಲ್ಲಿ ಪ್ರವಾಸಿಗಳು ಬಂಧನಕ್ಕೊಳಗಾದ ಪ್ರಕರಣಗಳಿವೆ. ಬಿಎಸ್‌ಎನ್‌ಎಲ್ 2017ರಲ್ಲಿ ಇನ್‌ಮಾರ್‌ಸ್ಯಾಟ್ ಆಧಾರಿತ ದೂರವಾಣಿ ಸೇವೆಯನ್ನು ಆರಂಭಿಸಿದ್ದು, ಅಂತಹ ಅಧಿಕೃತ ಮಾರ್ಗವೇ ಕ್ಷೇಮ. ಹಡಗಿನಲ್ಲಿಯೂ ಭಾರತದ ಜಲಸೀಮೆಯೊಳಗೆ 2018ರ ವಿಮಾನ ಮತ್ತು ನೌಕಾ ಸಂಪರ್ಕ ನಿಯಮಗಳಂತೆ ಪರವಾನಗಿ ಪಡೆದವರೇ ಸೇವೆ ಒದಗಿಸತಕ್ಕದ್ದು.

ವರ್ತಕ ಸಂಘಗಳು ಈ ವಿಷಯದಲ್ಲಿ ಮುಂದಾಗುವುದು ಉಚಿತ. ಮೆಟ್ಟೂರು ಮಾರ್ಗದಲ್ಲಿ ಸಂಕೇತ ತಪ್ಪುವ ಸ್ಥಳಗಳನ್ನು ಚಾಲಕರಿಂದಲೇ ಪಟ್ಟಿ ಮಾಡಿಸಿ, ಜಿಲ್ಲಾಡಳಿತಕ್ಕೂ ದೂರಸಂಪರ್ಕ ಇಲಾಖೆಗೂ ಮನವಿಯೊಡನೆ ಸಲ್ಲಿಸಬಹುದು. ಒಂದು ಊರು, ಒಂದು ತಟ್ಟೆ, ಹಲವು ಪಾಲುದಾರರು ಎಂಬ ಕ್ರಮದಲ್ಲಿ ಒಂದೆರಡು ಕಡೆ ಪ್ರಯೋಗಿಸಿ, ಜಮಾಖರ್ಚನ್ನು ಎಲ್ಲರ ಮುಂದಿಡಬಹುದು. ವಿಹಾರಕ್ಕೆ ಹೋದವನಿಗೆ ಸಂಪರ್ಕ ಒಂದು ಸುಖ. ಬೆಟ್ಟದ ಅಂಗಡಿಕಾರನಿಗೂ ಲಾರಿ ಚಾಲಕನಿಗೂ ಅದು ದುಡಿಮೆಯ ಸಾಧನ. ಸುಖಕ್ಕೆ ಹೊಂದಿಸಲಾದ ಲೆಕ್ಕವನ್ನು ದುಡಿಮೆಗೂ ಹೊಂದಿಸುವುದು ಅಸಾಧ್ಯವೇನಲ್ಲ.