ಪಿಕ್ನಿಕ್ ಆರ್ಡರಿನ ಚೀಟಿಯಲ್ಲಿ ನೀರು ಎಲ್ಲಿದೆ?



ದೀಪಾವಳಿ ರಜೆ ಮುಗಿದು ಶಾಲೆ ತೆರೆಯಿತೆಂದರೆ ಮುಂಬಯಿಯಲ್ಲಿ ಕೇಟರಿಂಗ್ ಮಾಡುವ ನಮ್ಮಂಥವರಿಗೆ ಪಿಕ್ನಿಕ್ ಆರ್ಡರುಗಳ ಕಾಲ ಬಂತೆಂದು ಲೆಕ್ಕ. ಡಿಸೆಂಬರಿನಿಂದ ಮಾರ್ಚ್ ಪರೀಕ್ಷೆಯ ತನಕ ವಾರಕ್ಕೆ ಒಂದೋ ಎರಡೋ ಶಾಲೆಯವರು ಗಲ್ಲಾದ ಮುಂದೆ ಬಂದು ನಿಲ್ಲುತ್ತಾರೆ. ರಾಣಿಬಾಗ್, ಎಲಿಫೆಂಟಾ, ಕಾನ್ಹೇರಿ, ಸ್ವಲ್ಪ ದೂರವಾದರೆ ಕಾರ್ಲಾ ಗುಹೆ, ರಾಯಗಡ. ನಾವು ಚೀಟಿ ಬರೆದುಕೊಳ್ಳುತ್ತೇವೆ: ಬೆಳಿಗ್ಗೆ ತಿಂಡಿ 140, ಊಟ 140, ಸಂಜೆ ಬಿಸ್ಕಿಟ್ 140, ಟೀಚರುಗಳಿಗೆ ಚಹಾ 9. ಅಡ್ವಾನ್ಸ್ ತೆಗೆದುಕೊಂಡು ಚೀಟಿಯನ್ನು ಭಟ್ಟರ ಕೈಗೆ ಕೊಟ್ಟರೆ ನಮ್ಮ ಕೆಲಸ ಆಯಿತು.

ಆ ಚೀಟಿಯಲ್ಲಿ ನೀರು ಎಂಬ ಸಾಲು ಇರುವುದಿಲ್ಲ. ನಿಮ್ಮ ಹಳೆಯ ಆರ್ಡರ್ ಪುಸ್ತಕ ತೆಗೆದು ನೋಡಿ. ನಮ್ಮ ಪುಸ್ತಕದಲ್ಲೂ 2014ರ ತನಕ ಇರಲಿಲ್ಲ.

ಆ ವರ್ಷ ಫೆಬ್ರುವರಿ ಕೊನೆಯ ವಾರ ಒಂದು ಶಾಲೆಯ ಆರು ಮತ್ತು ಏಳನೇ ತರಗತಿಯ 140 ಮಕ್ಕಳು ಬೊರಿವಲಿ ನ್ಯಾಶನಲ್ ಪಾರ್ಕಿನೊಳಗಿನ ಕಾನ್ಹೇರಿ ಗುಹೆಗೆ ಹೊರಟಿದ್ದರು. ಬೆಳಿಗ್ಗೆ ಬಟಾಟೆ ವಡೆ, ಚಟ್ನಿ. ಮಧ್ಯಾಹ್ನ ಪೂರಿ, ಬಾಜಿ, ಪುಲಾವ್, ಉಪ್ಪಿನಕಾಯಿ, ಒಂದೊಂದು ವೇಫರ್ ಪೊಟ್ಟಣ. ನೀರಿಗೆಂದು 20 ಲೀಟರಿನ ಐದು ಜಾರು ಟೆಂಪೋದಲ್ಲಿ ಹಾಕಿಸಿದ್ದೆವು. ಕೈತೊಳೆಯುವುದಕ್ಕೂ ಅದೇ, ಕುಡಿಯುವುದಕ್ಕೂ ಅದೇ. ನಮ್ಮ ಹುಡುಗರು ಜಾರುಗಳನ್ನು ಕೆಳಗೆ ಬಸ್ಸು ನಿಲ್ಲುವ ಕಡೆ ಇಳಿಸಿ ಊಟದ ತಯಾರಿಯಲ್ಲಿ ಕೂತರು.

ಮಕ್ಕಳು ಹನ್ನೊಂದು ಗಂಟೆಗೆ ಮೆಟ್ಟಿಲು ಹತ್ತಿದರು. ಕಾನ್ಹೇರಿಗೆ ಹೋದವರಿಗೆ ಗೊತ್ತು, ಅದು ಕರಿಬಂಡೆಯ ಗುಡ್ಡ. ಬಿಸಿಲು ಮೇಲಿಂದಲೂ ಹೊಡೆಯುತ್ತದೆ, ಕಾಲಡಿಯಿಂದಲೂ ಹೊಡೆಯುತ್ತದೆ. ಮಂಗಗಳು ಇಬ್ಬರು ಮಕ್ಕಳ ಬಾಟ್ಲಿ ಕಿತ್ತುಕೊಂಡವು. ಟೀಚರು ಹೆದರಿ ಎಲ್ಲರಿಗೂ ಬಾಟ್ಲಿಯನ್ನು ಚೀಲದ ಒಳಗೆ ಹಾಕಿಸಿದರು. ಒಂದೂವರೆ ಗಂಟೆಗೆ ಇಳಿಯುವಾಗ ಹನ್ನೆರಡು ವರ್ಷದ ಒಬ್ಬಳು ಹುಡುಗಿ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದಳು. ನಮ್ಮ ಸಪ್ಲಾಯರ್ ಹುಡುಗ ಅವಳನ್ನು ಎತ್ತಿಕೊಂಡು ಕೆಳಗೆ ತಂದ. ಅಷ್ಟರಲ್ಲಿ ಇನ್ನೂ ನಾಲ್ಕು ಮಕ್ಕಳು ವಾಂತಿ ಮಾಡಲು ಶುರು ಮಾಡಿದವು.

ಫೋನು ಬಂದಾಗ ನಮಗೆ ಮೊದಲು ಬಂದ ಯೋಚನೆ, ನಮ್ಮ ವಡೆಯಲ್ಲಿ ಏನೋ ಆಗಿದೆ ಎಂದು. ಈ ಧಂಧೆಯಲ್ಲಿ ಇರುವವರಿಗೆ ಆ ಗಳಿಗೆ ಹೇಗಿರುತ್ತದೆಂದು ವಿವರಿಸಬೇಕಿಲ್ಲ. ಕೈಕಾಲು ತಣ್ಣಗಾಯಿತು. ಆಸ್ಪತ್ರೆಗೆ ಓಡಿದೆವು. ಡಾಕ್ಟರರು ಹುಡುಗಿಗೆ ಸಲೈನ್ ಹಾಕಿಸಿದ್ದರು. ಊಟದ್ದೇನೂ ಅಲ್ಲ, ಮೈಯಲ್ಲಿ ನೀರು ಕಡಿಮೆಯಾಗಿದೆ, ಬಿಸಿಲಿನ ಬಳಲಿಕೆ ಎಂದರು. ಸಂಜೆ ಎಲ್ಲ ಮಕ್ಕಳೂ ಮನೆಗೆ ಹೋದರು. ದೇವರ ದಯೆ.

ರಾತ್ರಿ ಟೆಂಪೋ ಖಾಲಿ ಮಾಡುವಾಗ ಐದು ಜಾರುಗಳಲ್ಲಿ ಎರಡರ ಸೀಲು ಒಡೆದೇ ಇರಲಿಲ್ಲ.

ಮರುದಿನ ಆ ಹುಡುಗಿಯ ತಂದೆ ಹೋಟೆಲಿಗೆ ಬಂದರು. ಮರಾಠಿಯವರು, ನಮ್ಮ ಹಳೆಯ ಗಿರಾಕಿ. ಜಗಳಕ್ಕೆ ಬಂದಿದ್ದಾರೆಂದು ನಾವು ಎದ್ದು ನಿಂತೆವು. ಅವರು ಜಗಳ ಮಾಡಲಿಲ್ಲ. ಟೇಬಲಿನಲ್ಲಿ ಕೂತರು, ಹುಡುಗ ರೂಢಿಯಂತೆ ನೀರು ತಂದಿಟ್ಟ. ಆ ಲೋಟ ನೋಡುತ್ತಾ, “ಅಣ್ಣಾ, ನಾನು ಕೇಳದೇ ಇದ್ದರೂ ನಿಮ್ಮಲ್ಲಿ ಮೊದಲು ನೀರು ಇಡುತ್ತಾರೆ. ನನ್ನ ಮಗಳಿಗೆ ನಿನ್ನೆ ಯಾಕೆ ಯಾರೂ ಇಡಲಿಲ್ಲ?” ಎಂದರು.

ನಮ್ಮಲ್ಲಿ ಉತ್ತರ ಇರಲಿಲ್ಲ. 1986ರಲ್ಲಿ ಊರಿನಿಂದ ಬಸ್ಸು ಹತ್ತಿ ಬಂದ ನಮಗೆ ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಸಿಕ್ಕಿದ ಮೊದಲ ಕೆಲಸವೇ ನೀರಿಡುವುದು. ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸುವ ತನಕ ಹಗಲಿಡೀ ಅದೇ ಕೆಲಸ. ಲೋಟದೊಳಗೆ ಬೆರಳು ಅದ್ದಿದರೆ ಧಣಿಗಳು ಬೈಯುತ್ತಿದ್ದರು. ಗಿರಾಕಿ ಕೂತ ಮೇಲೆ ನೀರು ತಡವಾದರೂ ಬೈಯುತ್ತಿದ್ದರು. ನಮ್ಮ ತುಳುನಾಡಿನಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ಕ್ರಮ. ಅಂಥ ಊರಿನವರು 140 ಮಕ್ಕಳ ಊಟ ವಹಿಸಿಕೊಂಡು ನೀರನ್ನು ಬಸ್ಸಿನ ಹತ್ತಿರ ಇಟ್ಟು ಬಂದಿದ್ದೆವು.

ಆಮೇಲೆ ಆ ಶಾಲೆಯ ಒಬ್ಬರು ಟೀಚರ್ ಹತ್ತಿರ ಮಾತಾಡಿದಾಗ ನಿಜ ಸಂಗತಿ ತಿಳಿಯಿತು. ಹುಡುಗಿ ಬೆಳಿಗ್ಗೆಯಿಂದ ಹೆಚ್ಚುಕಡಿಮೆ ಏನೂ ಕುಡಿದಿರಲಿಲ್ಲ. ಬಾಟ್ಲಿ ಚೀಲದಲ್ಲೇ ತುಂಬಿ ಇತ್ತು. ಯಾಕೆಂದರೆ ದಾರಿಯಲ್ಲಿ ಬಸ್ಸು ನಿಲ್ಲಿಸುವುದಿಲ್ಲ, ಜಾಸ್ತಿ ನೀರು ಕುಡಿಯಬೇಡಿ ಎಂದು ಹೊರಡುವಾಗಲೇ ಹೇಳಿದ್ದರಂತೆ. ಗಂಡುಮಕ್ಕಳು ಹೇಗೋ ಸುಧಾರಿಸುತ್ತಾರೆ. ಹೆಣ್ಣುಮಕ್ಕಳು ಟಾಯ್ಲೆಟ್ಟಿನ ಹೆದರಿಕೆಯಿಂದ ನೀರನ್ನೇ ಬಿಡುತ್ತಾರೆ. ಟೀಚರನ್ನು ದೂರಿ ಪ್ರಯೋಜನ ಇಲ್ಲ. 140 ಮಕ್ಕಳನ್ನು ಒಂಬತ್ತು ಜನ ಸಂಭಾಳಿಸಬೇಕು, ಮಗು ಕಳೆದುಹೋಗದಿದ್ದರೆ ಸಾಕು ಎಂಬ ಚಿಂತೆ ಅವರಿಗೆ.

ಆದ್ದರಿಂದ ಜಾರು ಹೆಚ್ಚು ಒಯ್ದರೆ ಆಯಿತು ಎಂದು ತಿಳಿಯಬೇಡಿ. ಟೆಂಪೋದಲ್ಲಿರುವ ನೀರು ಮಗುವಿನ ಹೊಟ್ಟೆಗೆ ತಾನಾಗಿ ಹೋಗುವುದಿಲ್ಲ. ಆಟದಲ್ಲಿ ಮೈಮರೆತ ಮಕ್ಕಳಿಗೆ ಬಾಯಾರಿಕೆ ಗೊತ್ತಾಗುವಾಗ ಆಗಲೇ ತಡವಾಗಿರುತ್ತದೆ. ಕೈಗೆ ಲೋಟ ಕೊಟ್ಟು ಕುಡಿಸಬೇಕು, ಅದೂ ಕೇಳುವ ಮೊದಲೇ. ಇದು ಟೀಚರ ಕೆಲಸ ಅಲ್ಲ, ಡ್ರೈವರನ ಕೆಲಸ ಅಲ್ಲ, ನಮ್ಮ ಕೆಲಸ.

ಈಗ ನಮ್ಮ ಕ್ರಮ ಹೀಗಿದೆ. ನಲವತ್ತು ಮಕ್ಕಳಿಗೆ ಒಬ್ಬ ಹುಡುಗ, ನೀರಿಗೆ ಮಾತ್ರ. ಅವನು ಬಡಿಸುವುದಿಲ್ಲ, ಪಾತ್ರೆ ಮುಟ್ಟುವುದಿಲ್ಲ. ಮೆಟ್ಟಿಲು ಹತ್ತುವ ಜಾಗವಾದರೆ ಐದೈದು ಲೀಟರಿನ ಎರಡು ಕ್ಯಾನು ಹಿಡಿದು ಮಕ್ಕಳ ಜೊತೆಗೇ ಹತ್ತಬೇಕು. ಖಾಲಿಯಾದರೆ ಕೆಳಗಿನಿಂದ ಇನ್ನೊಬ್ಬ ತಂದುಕೊಡಬೇಕು. ಮಕ್ಕಳ ವೈದ್ಯರು ಹೇಳುವ ಲೆಕ್ಕದಂತೆ ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳು ಬಿಸಿಲಲ್ಲಿ ಓಡಾಡುವಾಗ 20 ನಿಮಿಷಕ್ಕೊಮ್ಮೆ 100ರಿಂದ 250 ಮಿಲಿಲೀಟರ್ ಕುಡಿಯಬೇಕು. ನಮ್ಮ ಹೋಟೆಲಿನ ಸ್ಟೀಲ್ ಲೋಟದಲ್ಲಿ ಅರ್ಧದಿಂದ ಒಂದು ಲೋಟ. ಒಮ್ಮೆಲೇ ನಾಲ್ಕು ಲೋಟ ಕುಡಿಸಿದರೆ ವಾಂತಿಯಾಗುತ್ತದೆ, ಬಸ್ಸಿನಲ್ಲಂತೂ ಖಂಡಿತ. ಸ್ವಲ್ಪ ಸ್ವಲ್ಪವೇ ಕೊಡಬೇಕು. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ‘ವಾಟರ್ ಬೆಲ್’ ಹೊಡೆಯುವ ಪದ್ಧತಿ ಸುದ್ದಿಯಾಯಿತು, ಅದೇ ವರ್ಷ ನಮ್ಮ ಕರ್ನಾಟಕದಲ್ಲೂ ಅದರ ಮಾತು ನಡೆಯಿತು. ನಾವೂ ಒಂದು ಕೈಗಂಟೆ ತಂದು ಹುಡುಗನ ಸೊಂಟಕ್ಕೆ ಕಟ್ಟಿದ್ದೇವೆ. ಮಕ್ಕಳಿಗೆ ಅದೊಂದು ತಮಾಷೆ. ಗಂಟೆ ಹೊಡೆದರೆ ತಾವಾಗಿ ಸಾಲು ನಿಲ್ಲುತ್ತಾರೆ.

ಲೆಕ್ಕ ಕೇಳುವವರಿಗೆ ಲೆಕ್ಕ ಹೇಳುತ್ತೇವೆ. ಎಂಟು ಗಂಟೆಯ ಪಿಕ್ನಿಕ್ಕಿಗೆ ಮಗುವಿಗೆ 2 ಲೀಟರು ಹಿಡಿಯುತ್ತೇವೆ. ಅರ್ಧ ಲೀಟರು ಮನೆಯ ಬಾಟ್ಲಿ, ಉಳಿದ ಒಂದೂವರೆ ನಮ್ಮದು. 140 ಮಕ್ಕಳಿಗೆ 210 ಲೀಟರು, ಅಂದರೆ ಹತ್ತೂವರೆ ಜಾರು. ಟೀಚರು, ಡ್ರೈವರು, ನಮ್ಮ ಹುಡುಗರು ಸೇರಿ 12 ಜಾರು. ಕೈತೊಳೆಯಲು ಬೇರೆ 3. ಒಟ್ಟು 300 ಕಿಲೋ ಭಾರ, ಟೆಂಪೋದವನಿಗೆ ಮೊದಲೇ ಹೇಳಿಡಬೇಕು. ಜಾರು ಸೀಲಿನದ್ದೇ ಇರಲಿ, ಅದರ ಮೇಲೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು ಇರಲಿ. ಅಂಗಡಿ, ಆಫೀಸುಗಳಿಗೆ ಬರುವ ಸೀಲಿಲ್ಲದ ತಣ್ಣೀರಿನ ಜಗ್ಗುಗಳನ್ನು ಮಕ್ಕಳ ಆರ್ಡರಿಗೆ ನಾವು ಮುಟ್ಟುವುದಿಲ್ಲ. ಐಸಿನ ವಿಚಾರವೂ ಅಷ್ಟೇ. ತಿನ್ನಲು ಬಾರದ ಐಸಿಗೆ ನೀಲಿ ಬಣ್ಣ ಇರಬೇಕೆಂದು ಮಹಾರಾಷ್ಟ್ರದಲ್ಲಿ 2018ರಿಂದ ನಿಯಮ ಇದೆ. ಆದರೂ ಸಂಶಯ ಬಂದರೆ ಐಸನ್ನು ಲೋಟದೊಳಗೆ ಹಾಕದೆ ಪಾತ್ರೆಯ ಹೊರಗೆ ಸುತ್ತಲೂ ಇಡುವುದು ಲೇಸು. ಪ್ಲಾಸ್ಟಿಕ್ ಲೋಟ 2022ರ ಜುಲೈ 1ರಿಂದ ದೇಶದಲ್ಲೇ ಬಂದ್. ಸ್ಟೀಲ್ ಲೋಟ ಒಯ್ದರೆ ಎರಡು ಕಳೆದುಹೋಗುತ್ತದೆ, ಹೋಗಲಿ.

ಕುಡಿಯಲು ನೀರೊಂದೇ ಅಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ನೀರುಮಜ್ಜಿಗೆ ಕೊಡುತ್ತೇವೆ. ಒಂದು ಲೀಟರು ಮೊಸರಿಗೆ ನಾಲ್ಕು ಲೀಟರು ನೀರು, ಎರಡು ಸಣ್ಣ ಚಮಚ ಉಪ್ಪು, ಸ್ವಲ್ಪ ಕರಿಬೇವು. ಹಸಿಮೆಣಸು ಬೇಡ, ಮಕ್ಕಳು ಕುಡಿಯುವುದಿಲ್ಲ. ಮಜ್ಜಿಗೆ ಸ್ಟೀಲ್ ಪಾತ್ರೆಯಲ್ಲೇ ಹೋಗಬೇಕು, ಹಿತ್ತಾಳೆ ತಾಮ್ರದಲ್ಲಿ ಹುಳಿ ಒಯ್ಯಬಾರದೆಂದು ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು. ಸಂಜೆಗೆ ಪುನರ್ಪುಳಿ ಶರಬತ್ತು. ಇಲ್ಲಿಯವರು ಕೋಕಮ್ ಎನ್ನುತ್ತಾರೆ, ಮರಾಠಿ ಮಕ್ಕಳಿಗೂ ಮನೆಯ ರುಚಿ. ಬಣ್ಣ ನೋಡಿಯೇ ಎರಡನೇ ಲೋಟ ಕೇಳುತ್ತಾರೆ. ಮಾವಿನ ರಸದ ಪೊಟ್ಟಣ ಕೊಡಿ ಎನ್ನುವ ಶಾಲೆಯವರಿಗೆ ಅದು ಬರೀ ಸಕ್ಕರೆ, ಬಾಯಾರಿಕೆ ಹೋಗುವುದಿಲ್ಲ ಎಂದು ಹೇಳಿ ನೋಡುತ್ತೇವೆ. ಊಟದಿಂದ ವೇಫರು, ಫರಸಾಣ್, ಉಪ್ಪಿನಕಾಯಿ ತೆಗೆದೆವು. ಒಣ ತಿಂಡಿ, ಉಪ್ಪು ತಿಂಡಿ ಬಿಸಿಲಿಗೆ ಆಗದು. ಅದರ ಬದಲು ಒಂದೊಂದು ನಾಗಪುರ ಕಿತ್ತಳೆ. ಕತ್ತರಿಸಿದ ಕಲ್ಲಂಗಡಿ, ಸೌತೆಕಾಯಿ ಬೆಳಿಗ್ಗೆಯಿಂದ ಟೆಂಪೋದಲ್ಲಿ ಕೂತರೆ ಕೆಡುತ್ತದೆ, ಕಿತ್ತಳೆಗೆ ಅದರ ಸಿಪ್ಪೆಯೇ ಡಬ್ಬಿ.

ಓಆರ್‌ಎಸ್ ಪೊಟ್ಟಣ ಹತ್ತು ಇಟ್ಟುಕೊಳ್ಳುತ್ತೇವೆ. ಅದು ವಾಂತಿ ಭೇದಿಯಾಗಿ, ಬೆವರಿ ಸುಸ್ತಾದ ಮಗುವಿಗೆ, ಎಲ್ಲರಿಗೂ ಹಂಚುವ ಶರಬತ್ತಲ್ಲ. ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರು ನೀರು, ಒಂದು ಲೋಟಕ್ಕೆ ಕದಡಿ ಕೊಟ್ಟರೆ ಒಳ್ಳೆಯದಕ್ಕಿಂತ ಕೆಡುಕೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದದ್ದನ್ನೇ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತನ್ನಿ. ಸಿಹಿ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂದು ಹಾಕಬಾರದೆಂದು 2025ರ ಅಕ್ಟೋಬರಿನಲ್ಲಿ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿತು. ಇಲ್ಲೊಂದು ಮಾತು ಹೇಳಬೇಕು. 1971ರ ಯುದ್ಧದ ಸಮಯ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಈ ಉಪ್ಪು ಸಕ್ಕರೆಯ ನೀರನ್ನು ನಲ್ಲಿ ಇರುವ ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಲೋಟದಲ್ಲಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಡ್ರಮ್ಮು, ನಲ್ಲಿ, ಲೋಟ. ನಮ್ಮ ಗೋಡೌನಿನಲ್ಲಿ ಇರುವ ಸಾಮಾನೇ.

ಈಗ ಫೆಬ್ರುವರಿಯನ್ನು ಚಳಿಗಾಲ ಎಂದು ನಂಬುವ ಹಾಗಿಲ್ಲ. 2025ರ ಫೆಬ್ರುವರಿ ಕೊನೆಗೇ ಸಾಂತಾಕ್ರೂಜಿನಲ್ಲಿ 38 ಡಿಗ್ರಿ ದಾಟಿತ್ತು. ಸಮುದ್ರ ತೀರದಲ್ಲಿ ಬೆವರು ಒಣಗುವುದಿಲ್ಲ, ಮೈ ತಂಪಾಗುವುದಿಲ್ಲ. 2023ರ ಏಪ್ರಿಲ್ 16ರಂದು ಖಾರ್ಘರ್‌ನ ಬಯಲು ಸಮಾರಂಭದಲ್ಲಿ ಬಿಸಿಲಿಗೆ ಕೂತ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅವರು ದೊಡ್ಡವರು. ನಮ್ಮ ಹುಡುಗರಿಗೆ ನಾವು ಹೇಳಿಕೊಟ್ಟದ್ದು ಇಷ್ಟು: ಮಗು ತಲೆನೋವು, ಸುಸ್ತು ಎಂದರೆ ನೆರಳಿಗೆ ಕರೆದು ನೀರು ಕೊಡಿ. ಮೈ ಕೆಂಡದಂತೆ ಸುಡುತ್ತಾ, ಕರೆದರೆ ಸರಿಯಾಗಿ ಉತ್ತರ ಕೊಡದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನು ಮಾಡಿ, ಅಂಬುಲೆನ್ಸ್ ಬರುವ ತನಕ ಜಾರಿನ ನೀರನ್ನು ಮೈಮೇಲೆ ಸುರಿದು ಗಾಳಿ ಹಾಕುತ್ತಾ ಇರಿ.

ಇದರಲ್ಲಿ ನಮ್ಮೊಬ್ಬರಿಂದ ಆಗದ್ದು ಟಾಯ್ಲೆಟ್ಟಿನ ವಿಷಯ. ಅದು ಸರಿಯಾಗದೆ ಹೆಣ್ಣುಮಕ್ಕಳು ನೀರು ಕುಡಿಯುವುದಿಲ್ಲ, ಎಷ್ಟು ಗಂಟೆ ಹೊಡೆದರೂ ಅಷ್ಟೇ. ಪನ್ವೇಲ್, ಖೋಪೋಲಿ, ಲೋನಾವಳಾ, ನಾಸಿಕ್ ರಸ್ತೆ, ಎಲ್ಲಿ ನೋಡಿದರೂ ನಮ್ಮವರ ಹೋಟೆಲು ಇದೆ. ನಾವು ಆರ್ಡರು ಹಿಡಿದ ದಿನವೇ ದಾರಿಯ ಒಂದೆರಡು ಹೋಟೆಲಿನ ಬಂಧುಗಳಿಗೆ ಫೋನು ಮಾಡುತ್ತೇವೆ: ಇಂಥ ದಿನ, ಇಷ್ಟು ಹೊತ್ತಿಗೆ ಮೂರು ಬಸ್ಸು ಬರುತ್ತದೆ, ಟಾಯ್ಲೆಟ್ಟು ಶುಚಿಯಾಗಿರಲಿ, ಬಕೆಟಿನಲ್ಲಿ ನೀರಿರಲಿ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ‘ಗಿರಾಕಿಗಳಿಗೆ ಮಾತ್ರ’ ಎಂದು ಬೋರ್ಡು ತೋರಿಸಿದವರೂ ಇದ್ದಾರೆ, ಹೆಸರು ಬೇಡ. ನಮ್ಮ ಸಂಘದಿಂದಲೇ ಶಾಲಾ ಬಸ್ಸಿಗೆ ಟಾಯ್ಲೆಟ್ಟು ಕೊಡುವ ಹೋಟೆಲುಗಳ ಒಂದು ಪಟ್ಟಿ ಮಾಡಿದರೆ ಎಲ್ಲ ಕೇಟರಿಂಗಿನವರಿಗೂ ಅನುಕೂಲ. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುತ್ತೇವೆ, ದಯವಿಟ್ಟು ಬೆಂಬಲಿಸಬೇಕು.

ಖರ್ಚಿನ ಮಾತು ಬಿಟ್ಟರೆ ನೀವು ನಮ್ಮನ್ನು ನಂಬಲಿಕ್ಕಿಲ್ಲ. ಜಾರು, ಮಜ್ಜಿಗೆ, ಹುಡುಗರ ಸಂಬಳ ಸೇರಿ ಮಗುವಿಗೆ 18 ರೂಪಾಯಿ ಹೆಚ್ಚು ಬೀಳುತ್ತದೆ. ನೀರಿಗೂ ದುಡ್ಡಾ ಎಂದು ಕೇಳಿದವರಿದ್ದಾರೆ. ನೀರು ಪುಕ್ಕಟೆ, ಕುಡಿಸುವವನ ಸಂಬಳ ಕೊಡಿ ಎನ್ನುತ್ತೇವೆ. ಆ 18 ರೂಪಾಯಿಗಾಗಿ ಒಂದು ಶಾಲೆ ಕಳೆದ ವರ್ಷ ನಮ್ಮನ್ನು ಬಿಟ್ಟು ಬೇರೆಯವರ ಹತ್ತಿರ ಹೋಯಿತು. ಬೇಸರವಾಯಿತು. ಆದರೆ 2014ರಲ್ಲಿ ಮಕ್ಕಳು ಬಿದ್ದ ಆ ಶಾಲೆ ಮರುವರ್ಷ ನಮ್ಮಲ್ಲಿಗೇ ಬಂತು, ಈಗಲೂ ಬರುತ್ತಿದೆ.

ಆ ಮರುವರ್ಷ ಅದೇ ಕಾನ್ಹೇರಿಗೆ ನಾವೇ ಕ್ಯಾನು ಹಿಡಿದು ಮಕ್ಕಳ ಜೊತೆ ಹತ್ತಿದೆವು. ಅಷ್ಟು ವರ್ಷ ಆರ್ಡರು ಕಳಿಸಿದರೂ ಗುಹೆ ನೋಡಿದ್ದು ಅದೇ ಮೊದಲು. ನೂರಕ್ಕೂ ಹೆಚ್ಚು ಗುಹೆಗಳು, ಎಲ್ಲಿ ನೋಡಿದರೂ ಬಂಡೆಯಲ್ಲಿ ಕಡಿದ ನೀರಿನ ತೊಟ್ಟಿಗಳು, ಮಳೆನೀರು ಅದಕ್ಕೆ ಇಳಿಯಲು ಕಾಲುವೆ. ಎರಡು ಸಾವಿರ ವರ್ಷದ ಹಿಂದೆ ಭಿಕ್ಷುಗಳು ಮಲಗುವ ಕೋಣೆಯ ಜೊತೆಗೇ ಮಾಡಿಸಿಕೊಂಡದ್ದು. ಟೀಚರ್ ಮಕ್ಕಳಿಗೆ ಅದನ್ನು ತೋರಿಸಿ ವಿವರಿಸುತ್ತಿದ್ದರು, ನಾವು ಹಿಂದೆ ನಿಂತು ಕೇಳಿದೆವು.

ಈಗ ಟೆಂಪೋ ವಾಪಸ್ ಬಂದಾಗ ನಾವು ಮೊದಲು ಎಣಿಸುವುದು ಖಾಲಿ ಜಾರು. ಕಳೆದ ಸಲ 15ರಲ್ಲಿ 14 ಖಾಲಿ. ನಿಮ್ಮಲ್ಲಿ ಬೇರೆ ಕ್ರಮ ಇದ್ದರೆ, ಇದಕ್ಕಿಂತ ಸುಲಭದ್ದು ಇದ್ದರೆ, ಈ ಪತ್ರಿಕೆಗೆ ನಾಲ್ಕು ಸಾಲು ಬರೆದು ಕಳಿಸಿ.