ಹರಪನಹಳ್ಳಿಗೆ ಮೂರು ಜಿಲ್ಲೆ

ಹರಪನಹಳ್ಳಿಯ ನಡುವಯಸ್ಸಿನ ಗೃಹಸ್ಥರೊಬ್ಬರು ಮನೆಯ ಹೊಸ್ತಿಲು ದಾಟದೆಯೇ ಮೂರು ಜಿಲ್ಲೆಗಳಲ್ಲಿ ಬಾಳಿರುವುದು ಸಾಧ್ಯ. ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಅವರ ತಂದೆಯವರಾದರೋ 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದವರು!

ಊರು ಕದಲಲಿಲ್ಲ, ಕದಲಿದ್ದು ಎಲ್ಲೆ. ಜಿಲ್ಲೆಯ ಎಲ್ಲೆಯನ್ನು ಬದಲಿಸಲು ವಿಧಾನಸಭೆಯಲ್ಲಿ ಮಸೂದೆ ಮಂಡನೆಯಾಗಬೇಕಾಗಿಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮವು ಆ ಅಧಿಕಾರವನ್ನು ಸರ್ಕಾರಕ್ಕೇ ಒಪ್ಪಿಸಿದೆ. ರಾಜ್ಯಪತ್ರದಲ್ಲಿ ಒಂದು ಅಧಿಸೂಚನೆ ಸಾಕು. ಕೂಡ್ಲಿಗಿಯಿಂದ ಕೊಟ್ಟೂರು ಬೇರೆಯಾಗಿ ತಾಲ್ಲೂಕಾದದ್ದೂ ಹೀಗೆಯೇ. ಕಾನೂನು ವಿದ್ಯಾರ್ಥಿಗಳು 'ಆಡಳಿತ ಕಾನೂನು' ಎಂದು ಓದುವುದು ಇಂಥ ಅಧಿಕಾರದ ವಿಚಾರವನ್ನೇ: ಅದನ್ನು ಕೊಟ್ಟವರಾರು, ಅದರ ಮೇರೆ ಯಾವುದು, ಚಲಾಯಿಸುವ ಮುನ್ನ ಜನರನ್ನು ಕೇಳಬೇಕೆ, ಮೀರಿದರೆ ತಡೆಯುವವರಾರು?

ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಬಂದಾಗ, ವಿಶೇಷ ಸೌಲಭ್ಯ ಪಡೆದ ಆರು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದಾಯಿತು. ಕಾಲೇಜಿನ ಸೀಟು, ಸರ್ಕಾರಿ ನೌಕರಿ ಎರಡರಲ್ಲಿಯೂ ಸ್ಥಳೀಯರಿಗೆ ಮೀಸಲಾತಿ. ಹಡಗಲಿಯ ಹುಡುಗನಿಗೆ ಅದು ದೊರೆಯಿತು. ಗಡಿಯಾಚೆಯ ಹರಪನಹಳ್ಳಿಯ ಹುಡುಗನಿಗೆ ಇಲ್ಲ. ಮಳೆ ಒಂದೇ, ಬರವೂ ಒಂದೇ! ದಾವಣಗೆರೆ ಹತ್ತಿರ, ಬಳ್ಳಾರಿ ಬಹು ದೂರ. ಆದರೂ ಈ ಜನ ಹೋರಾಡಿ ದೂರದ ಕಚೇರಿಯನ್ನೇ ಬೇಡಿ ಪಡೆದರು.

ವಿಜಯನಗರ ಜಿಲ್ಲೆಯ ಕರಡು ಅಧಿಸೂಚನೆ ಹೊರಟದ್ದು 2020ರ ಡಿಸೆಂಬರಿನಲ್ಲಿ. ಆಕ್ಷೇಪಣೆಗಳಿಗೆ 30 ದಿನಗಳ ಅವಕಾಶವಿತ್ತು. ವಿಭಜನೆಯೇ ಬೇಡವೆಂದು ಬಳ್ಳಾರಿಯಲ್ಲಿ ಪ್ರತಿಭಟನೆ. ಜಿಲ್ಲಾ ಕೇಂದ್ರ ತಮ್ಮೂರಿಗೇ ಬರಲೆಂದು ಹರಪನಹಳ್ಳಿಯವರ ಕೂಗು. 2021ರ ಫೆಬ್ರವರಿ 8ರಂದು ಅಂತಿಮ ಅಧಿಸೂಚನೆ ಹೊರಬಿದ್ದಿತು, ಕೇಂದ್ರ ಹೊಸಪೇಟೆಯಾಯಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಅದರಡಿ ಬಂದವು.

ಕೇಂದ್ರದ ಆಯ್ಕೆಯನ್ನು ನ್ಯಾಯಾಲಯ ತಿದ್ದಬಹುದಿತ್ತೆ? ಆಂಧ್ರಪ್ರದೇಶದ ಮಂಡಲ ಕೇಂದ್ರಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1988ರಲ್ಲಿಯೇ ಉತ್ತರವಿತ್ತಿದೆ: ಕೇಂದ್ರ ಎಲ್ಲಿರಬೇಕೆಂಬುದು ಸರ್ಕಾರದ ವಿವೇಚನೆಗೆ ಬಿಟ್ಟದ್ದು, ನ್ಯಾಯಾಧೀಶರು ತಮ್ಮ ಅಭಿಪ್ರಾಯವನ್ನು ಅದರ ಜಾಗದಲ್ಲಿ ಕೂರಿಸಲಾಗದು. ದುರುದ್ದೇಶವಿದ್ದರೆ, ಕಾನೂನು ಹೇಳಿದ ಕ್ರಮ ತಪ್ಪಿದರೆ ಮಾತ್ರ ನ್ಯಾಯಾಲಯದ ಕೈ ಮುಂದಾಗುವುದು. ಆದುದರಿಂದ ನಮ್ಮಂಥವರ ಪಾಲಿಗೆ ಕರಡಿನ ಆ ಮೂವತ್ತು ದಿನಗಳೇ ಮುಖ್ಯ. ಧಾರಾವಾಹಿಯ ಮುಂದಿನ ಕಂತಿಗೆ ವಾರವಿಡೀ ಕಾಯುವ ನಾವು ರಾಜ್ಯಪತ್ರವನ್ನು ತೆರೆದು ನೋಡುವುದುಂಟೆ?